ಮುಚ್ಚಿದ ಬಾಗಿಲು ಬಡಿದ ಬೀಗದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಮೆಟ್ಟಿಲ ಮೇಲೆ ಮೊದಲು ಕೀಲಿಗೊಂಚಲಿನ ಸದ್ದು ಬರುತ್ತದೆ, ಹಿಂದೆಯೇ ಬೀಗದಕ್ಕ ಬರುತ್ತಾರೆ. ವಿದ್ಯಾರ್ಥಿಗಳು ಇಟ್ಟ ಹೆಸರು ಅದು. ಒಂದು ಕೈಯಲ್ಲಿ ಬಕೆಟ್ಟು, ಕಂಕುಳಲ್ಲಿ ನೆಲ ಒರೆಸುವ ಕೋಲು. ಬೀಗ ತೆಗೆದ ಬಾಗಿಲು ನಿಜಕ್ಕೂ ತೆರೆಯುತ್ತದೆಯೇ ಎಂದು ತಳ್ಳಿ ನೋಡುತ್ತಾರೆ. ನಾಲ್ಕು ಹೆಜ್ಜೆ ಹೋಗಿ, ಮನಸ್ಸು ತಡೆಯದೆ ಹಿಂದಿರುಗಿ ಇನ್ನೊಮ್ಮೆ ತಳ್ಳುತ್ತಾರೆ.

ಮೂರು ಮಹಡಿ, ಮೂವತ್ತೊಂದು ಕೋಣೆ, ಆರು ಶೌಚಾಲಯ. ಒಂಬತ್ತರೊಳಗೆ ಗುಡಿಸಿ ಒರೆಸಿ ಮುಗಿಯಬೇಕು. ಗುತ್ತಿಗೆ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ. ಗಂಡ ಬಸ್ ಡಿಪೋದಲ್ಲಿ ಟೈರ್ ಬದಲಿಸುತ್ತಾರೆ. ಮಗಳು ಹತ್ತನೇ ತರಗತಿ. "ಯಾವ ಬಾಟಲೀಲಿ ಆಸಿಡ್ ಇದೆ ಅಂತ ಮೂಗಲ್ಲೇ ಹೇಳ್ತೀನಿ. ಓದಿದ್ದು ಮಾತ್ರ ನಾಲ್ಕನೇ ಕ್ಲಾಸು," ಎಂದು ನಗುತ್ತಾರೆ.

ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಳೆದ ವರ್ಷ ಒಂದು ಬೆಳಿಗ್ಗೆ ಪ್ರೊಫೆಸರ್ ಒಬ್ಬರ ಕೋಣೆಯ ಮುಂದೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಫೈಲನ್ನು ಎದೆಗವಚಿ ನಿಂತಿದ್ದಳು. ಅವರೇ ಅವಳ ಮಾರ್ಗದರ್ಶಕರು. ಏಳು ಗಂಟೆಗೇ ಬರಹೇಳಿದ್ದರು. "ಅಕ್ಕಾ, ನಾನು ಒಳಗಿರೋವರೆಗೂ ನೀವೂ ಇರ್ತೀರಾ?" ಎಂದಳು. ಏಕೆಂದು ಇವರು ಕೇಳಲಿಲ್ಲ. ಒಳಹೊಕ್ಕು ಒಂದೇ ಕಪಾಟನ್ನು ಇಪ್ಪತ್ತು ನಿಮಿಷ ಒರೆಸಿದರು. "ಎಷ್ಟು ಸಲ ಒರೆಸ್ತೀಯ? ಹೊರಗೆ ನಡಿ," ಎಂದು ಪ್ರೊಫೆಸರ್ ಗದರಿದರು. "ಧೂಳು ಬಹಳ ಇದೆ ಸಾರ್," ಎಂದು ಇವರು ಜಪ್ಪಯ್ಯ ಎಂದರೂ ಕದಲಲಿಲ್ಲ.

ಒಂಬತ್ತು ದಿನ ಹೀಗೇ ನಡೆಯಿತು. ಹತ್ತನೆಯ ದಿನ ಬಕೆಟ್ಟಿಗೆ ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ ಒಳಗಿನಿಂದ ಚಿಲಕ ಬಿದ್ದಿತ್ತು. "ಬಿಡಿ ಸಾರ್!" ಎಂಬ ಹುಡುಗಿಯ ದನಿ. ಬೀಗದಕ್ಕ ಕೋಲಿನಿಂದ ದಬದಬನೆ ಬಾಗಿಲು ಬಡಿದರು. "ಗ್ಯಾಸ್ ಸೋರ್ತಾ ಇದೆ, ಎಲ್ಲರೂ ಹೊರಗೆ ಬನ್ನಿ!" ಎಂದು ಸುಳ್ಳೇ ಕೂಗಿದರು. ಬೇಗನೆ ಬಂದು ಲ್ಯಾಬುಗಳಲ್ಲಿದ್ದವರೆಲ್ಲ ಕಾರಿಡಾರಿಗೆ ಓಡಿಬಂದರು. ಚಿಲಕ ತೆರೆಯಿತು. ಹುಡುಗಿ ಬಂದು ಇವರ ಹೆಗಲಿಗೆ ಮುಖ ಒತ್ತಿದಳು. ಅವಳ ಅಂಗಿಯ ತೋಳಿನ ಹೊಲಿಗೆ ಬಿಟ್ಟಿತ್ತು.

ಅವಳು ದೂರು ಕೊಟ್ಟಳು. ಸಾಕ್ಷಿ ಹೇಳುವ ಮಾತು ಬಂದಾಗ ಉಳಿದವರೆಲ್ಲ ಮೆಲ್ಲನೆ ಜಾರಿಕೊಂಡರು. "ಹೊಟ್ಟೆಪಾಡು ನೋಡ್ಕೋ. ದೊಡ್ಡವರ ಉಸಾಬರಿ ನಿನಗ್ಯಾಕೆ?" ಎಂದರು ಗುತ್ತಿಗೆದಾರರ ಮೇಸ್ತ್ರಿ. ಗಂಡ ಎರಡು ದಿನ ಮಾತು ಬಿಟ್ಟಿದ್ದು, ಮೂರನೆಯ ದಿನ ತಾವೇ ವಿಚಾರಣಾ ಸಮಿತಿಯ ಬಾಗಿಲವರೆಗೂ ಜೊತೆಗೆ ಬಂದರು. ಕಣ್ಣಾರೆ ಏನು ನೋಡಿದಿರಿ ಎಂದು ಸಮಿತಿ ಮೂರು ಸಲ ಕೇಳಿತು. "ಒಳಗೆ ಆಗಿದ್ದು ನೋಡಿಲ್ಲ. ಕಿವೀಲಿ ಕೇಳಿದ್ದು, ಬಾಗಿಲು ತೆಗೆದ ಮೇಲೆ ಕಂಡಿದ್ದು, ಎರಡೇ ಹೇಳ್ತೀನಿ," ಎಂದು ಮೂರು ಸಲವೂ ಇವರು ಹೇಳಿದರು.

ಪ್ರೊಫೆಸರ್ ಅಮಾನತಾದರು, ಅವರ ಮೇಲ್ಮನವಿ ಇನ್ನೂ ಇತ್ಯರ್ಥವಾಗಿಲ್ಲ. ಹುಡುಗಿ ಬೇರೊಬ್ಬ ಮಾರ್ಗದರ್ಶಕಿಯ ಬಳಿ ಓದು ಮುಂದುವರಿಸಿದ್ದಾಳೆ. ವರ್ಷಕ್ಕೊಮ್ಮೆ ಮುಂದುವರಿಯುತ್ತಿದ್ದ ಬೀಗದಕ್ಕನ ಗುತ್ತಿಗೆ ಈಗ ಮೂರು ತಿಂಗಳಿಗೊಮ್ಮೆ ಮಾತ್ರ.

ದೊಡ್ಡ ಕೆಲಸ ಮಾಡಿದಿರಿ ಎಂದರೆ ಇವರು ಕೂತಲ್ಲಿ ಕೂರುವುದಿಲ್ಲ. ಎದ್ದು ಬಟ್ಟೆ ಹಿಂಡತೊಡಗುತ್ತಾರೆ. "ಇವಳಿಗಿಂತ ಮುಂಚೆ ಇಬ್ಬರು ಹುಡುಗೀರು ಆ ಕೋಣೆಯಿಂದ ಅಳ್ತಾ ಬಂದಿದ್ದನ್ನ ನೋಡಿದ್ದೆ. ಬೈಸ್ಕೊಂಡಿರ್ಬೇಕು ಅಂತ ಸುಮ್ನಾದೆ. ಇಬ್ಬರೂ ಓದು ಬಿಟ್ಟು ಹೋದ್ರು. ಸಮಿತಿ ಮುಂದೆ ಅದನ್ನೂ ಹೇಳಿದೀನಿ. ಅವರಿಬ್ಬರು ಎಲ್ಲಾದ್ರೂ ಸಿಕ್ಕಿದ್ರೆ, ತಡ ಆಯ್ತು ಕಣಮ್ಮಾ, ಆದ್ರೆ ನಿಮ್ಮ ವಿಷಯಾನೂ ಹೇಳಿದೀನಿ ಅನ್ಬೇಕು. ಅಷ್ಟೇ ಆಸೆ."