ಪಿ.ಪಿ. ನಂಬರಿನ ಆಂಟಿಗೊಂದು ಹೊಸ ಫೋನು

ನಮ್ಮ ಮನೆಗೆ ಸ್ವಂತ ಫೋನು ಬರುವ ಮೊದಲು, ಅರ್ಜಿ ತುಂಬುವಾಗಲೂ ನೆಂಟರಿಗೆ ವಿಳಾಸ ಕೊಡುವಾಗಲೂ ಪಕ್ಕದ ಮನೆಯ ನಂಬರನ್ನೇ ಬರೆದು ಮುಂದೆ ‘ಪಿ.ಪಿ.’ ಎಂದು ಸೇರಿಸುತ್ತಿದ್ದೆವು. ಆ ಎರಡಕ್ಷರಕ್ಕೆ ಏನರ್ಥವೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ‘ಪಕ್ಕದ್ಮನೆ ಪೋನು’ ಇರಬೇಕೆಂದು ನಾನೇ ಅಂದುಕೊಂಡಿದ್ದೆ. ಹೈಸ್ಕೂಲಿಗೆ ಸೇರುವಾಗ ಅರ್ಜಿಯಲ್ಲಿ ಹಾಗೆಯೇ ಬಿಡಿಸಿ ಬರೆದುಕೊಟ್ಟೆ. ಗುಮಾಸ್ತರು ಗಟ್ಟಿಯಾಗಿ ಓದಿದರು, ಆಫೀಸಿನವರೆಲ್ಲ ನಕ್ಕರು. ಸರಿಯಾದ ಅರ್ಥವನ್ನು ಆಮೇಲೆಯೂ ನಾನು ಹುಡುಕಲಿಲ್ಲ. ನನ್ನದೇ ಚೆನ್ನಾಗಿದೆ.

ಮೈಸೂರಿನ ವಿದ್ಯಾರಣ್ಯಪುರಂನ ಆ ಪಕ್ಕದ ಮನೆ ಒಬ್ಬ ಟೀಚರದು. ನಮ್ಮ ಬೀದಿಯಲ್ಲಿದ್ದ ಒಂದೇ ಕ್ರೈಸ್ತರ ಮನೆ. ಮಕ್ಕಳಿಗೆಲ್ಲ ಅವರು ಆಂಟಿ. ಹಜಾರದಲ್ಲಿ ಏಸುವಿನ ಪಟದ ಕೆಳಗೆ ಒಂದು ಸ್ಟೂಲು, ಅದರ ಮೇಲೆ ಕ್ರೋಶಾ ಹೊದಿಕೆ ಹೊದ್ದ ಕಪ್ಪು ಫೋನು. ನಮಗೆ ಕರೆ ಬಂದರೆ ಆಂಟಿ ಕಿಟಕಿಯ ಸರಳಿಗೆ ಚಮಚದಿಂದ ಒಂದು ಸಲ ಬಡಿಯುತ್ತಿದ್ದರು, ಎದುರುಮನೆಯವರಿಗಾದರೆ ಎರಡು ಸಲ. ಓಡುವ ಆತುರದಲ್ಲಿ ನಾನು ಆ ಫೋನನ್ನು ಎಷ್ಟು ಸಲ ಕೆಡವಿದೆನೋ! ನೆಲದ ರೆಡ್ ಆಕ್ಸೈಡ್ ಚಕ್ಕೆ ಎದ್ದಿತೇ ಹೊರತು ಫೋನಿಗೆ ಏನೂ ಆಗಲಿಲ್ಲ.

ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ನಾವು ರಿಸೀವರ್ ಕಿವಿಗಿಟ್ಟ ಕೂಡಲೇ ಆಂಟಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದರು. ತೊಳೆಯಲು ಪಾತ್ರೆ ಇರಲಿ ಬಿಡಲಿ, ರಿಸೀವರ್ ಕೆಳಗಿಟ್ಟ ಸದ್ದಾಗುವವರೆಗೆ ನೀರು ಸುರಿಯುತ್ತಲೇ ಇರುತ್ತಿತ್ತು. ನಮ್ಮಕ್ಕನಿಗೆ ಗೊತ್ತಾಗಿದ್ದ ಗಂಡಿನ ಕಡೆಯವರು ಮದುವೆ ಬೇಡ ಅಂದದ್ದು ಆ ಫೋನಿನಲ್ಲೇ. ಅಮ್ಮ ಅತ್ತದ್ದನ್ನು ಆ ನಲ್ಲಿಯ ನೀರಿನ ಸದ್ದೇ ಮರೆಮಾಡಿತು. ಆಮೇಲೆ ಆಂಟಿ ಕೈಯೊರೆಸಿಕೊಳ್ಳುತ್ತ ಬಂದು, “ಕಾಫಿ ಇಳಿಸಿದೀನಿ ಕಣ್ರೀ, ಕುಡ್ಕೊಂಡು ಹೋಗಿ” ಅಂದರು, ಅಷ್ಟೇ. ನಾವಾಗಿ ಹೇಳುವವರೆಗೆ ಬೀದಿಯಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ.

ಅದೇ ಆಂಟಿ ಹೋದ ತಿಂಗಳು ತಮ್ಮ ಬಟನ್ ಫೋನಿನಿಂದ ನನ್ನ ಜಯಲಕ್ಷ್ಮಿಪುರಂ ಮನೆಗೆ ಕರೆ ಮಾಡಿದರು. ಈಗ ಅವರಿಗೆ ಎಂಬತ್ತರ ಹತ್ತಿರ, ಮಗ ಸೊಸೆಯ ಜೊತೆ ಅದೇ ಮನೆಯಲ್ಲಿದ್ದಾರೆ.

“ಮರಿ, ನಂಗೊಂದು ಮುಖ ಕಾಣೋ ಫೋನ್ ತೆಗ್ಸಿಕೊಡೇ. ಕೈ ನಡುಗತ್ತೆ, ಬಿದ್ರೆ ಒಡೀಬಾರ್ದು. ಮತ್ತೆ, ಮಾತಾಡಿದ್ದ ಕದ್ದು ಕೇಳಿಸ್ಕೋಬಾರ್ದು.”

ವಿಷಯ ಇಷ್ಟು. ಹಾಸನದಲ್ಲಿರುವ ಆಂಟಿಯ ತಂಗಿ ಹಾಸಿಗೆ ಹಿಡಿದಿದ್ದಾರೆ. ಮಾತು ತೊದಲುತ್ತದೆ, ತುಟಿ ನೋಡಿದರಷ್ಟೇ ಅರ್ಥವಾಗುತ್ತದೆ. ಅದಕ್ಕೇ ಆಂಟಿ ದಿನಾ ಸೊಸೆಯ ಫೋನಿನಲ್ಲಿ ವಿಡಿಯೊ ಕಾಲ್ ಮಾಡುತ್ತಿದ್ದರು. ತನಗೆ ಈಗ ಡೈಪರ್ ಹಾಕುತ್ತಿದ್ದಾರೆಂದು ತಂಗಿ ಒಂದು ದಿನ ಹೇಳಿಕೊಂಡು, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದರು. ಎರಡು ದಿನ ಬಿಟ್ಟು ಮನೆಗೆ ಪ್ರಾರ್ಥನೆಗೆಂದು ಹೆಂಗಸರು ಬಂದಾಗ ಸೊಸೆ ಫೋನಿನಲ್ಲಿ ಏನೋ ತೋರಿಸಲು ಹೋದರೆ, ಮೊದಲು ಕಂಡದ್ದು ದೊಡ್ಡವರ ಡೈಪರಿನ ಜಾಹೀರಾತು. “ಅಯ್ಯೋ, ಯಾರಿಗೆ?” ಎಂದು ಒಬ್ಬರು ಕೇಳಿದರು. ಅಂದಿನಿಂದ ಆಂಟಿ ತಂಗಿಗೆ ಕಾಲ್ ಮಾಡಿರಲಿಲ್ಲ. ಹನ್ನೆರಡು ದಿನ.

“ಫೋನ್ ಕದ್ದು ಕೇಳಿಲ್ಲ ಆಂಟಿ,” ಎಂದೆ. “ನಿಮ್ಮ ಸೊಸೇನ ಕೇಳ್ದೆ. ನಿಮ್ಮ ಮಾತು ಕಿವಿಗೆ ಬಿತ್ತಂತೆ, ತಂಗಿಗೆ ಕಳಿಸೋಣ ಅಂತ ಅವರೇ ಅದರಲ್ಲಿ ಡೈಪರ್ ಹುಡುಕಿದ್ರಂತೆ. ಅದಕ್ಕೇ ಆ ಜಾಹೀರಾತು ಬಂದಿರೋದು.”

“ಹುಡುಕ್ಲಿ. ಹುಡುಕಿದೋರ ಗುಟ್ಟನ್ನ ಹಜಾರದಲ್ಲಿ ಹರಡ್ಬೋದಾ? ನಮ್ಮನೇಲೂ ಫೋನಿತ್ತು ಕಣೇ.”

ಫೋನು ನಾನೇ ತರುತ್ತೇನೆ ಎಂದೆ.

ನಾನು ಯಾವ ಸಾಮಾನನ್ನೂ ಆತುರದಲ್ಲಿ ಕೊಂಡವಳಲ್ಲ. ಒಂದು ವಾರ ಓದಿ, ನಾಲ್ಕು ಜನರನ್ನು ಕೇಳಿ, ಲಗ್ನಪತ್ರಿಕೆಯ ಕವರಿನ ಹಿಂದೆ ಪಟ್ಟಿ ಮಾಡಿಕೊಂಡು ದೇವರಾಜ ಮೊಹಲ್ಲಾಕ್ಕೆ ಹೋದೆ. ಅಂಗಡಿಯವರು ಕನ್ನಡಿಯಂತೆ ಹೊಳೆಯುವುದೊಂದನ್ನು ಮುಂದಿಟ್ಟರು.

“ಹಿಂದೆನೂ ಗಾಜಾ? ಬಿದ್ರೆ?”

“ಬೀಳಿಸ್ಬೇಡಿ ಮೇಡಮ್.”

ಪಟ್ಟಿ ತೆಗೆದೆ. ಬ್ಯಾಟರಿ ಸೋತರೆ ಇಲ್ಲೇ ಮೈಸೂರಲ್ಲಿ ಬದಲಾಯಿಸಬಹುದೇ, ಬಿಡಿಭಾಗ ಸಿಗುತ್ತದೆಯೇ, ಕಂಪನಿಯವರು ಎಷ್ಟು ವರ್ಷ ಅಪ್‌ಡೇಟ್ ಕಳಿಸುತ್ತಾರೆ, ಅವರೇ ತುಂಬಿಟ್ಟಿರುವ ಆಪ್‌ಗಳನ್ನು ತೆಗೆದುಹಾಕಲು ಬಿಡುತ್ತಾರೆಯೇ. ಒಂದೊಂದೇ ಕೇಳಿದೆ. ಯಾರಿಗೆ ಫೋನು ಎಂದರು, ಹೇಳಿದೆ.

“ಈ ವಯಸ್ಸಲ್ಲಿ ಅಜ್ಜಿಗೆ ಎಂಥಾ ಗುಟ್ಟು ಮೇಡಮ್?”

“ನಮ್ಮ ಬೀದಿ ಗುಟ್ಟೆಲ್ಲ ಅವರ ಹತ್ರಾನೇ ಇರೋದು ಕಣ್ರೀ. ನಂದೂ ಸೇರಿ.”

ಅವರು ನಕ್ಕು, ಕೆಳಗಿನ ಕಪಾಟಿನಿಂದ ಸೋಪಿನ ಡಬ್ಬಿಯಂಥ ದಪ್ಪನೆಯದೊಂದನ್ನು ತೆಗೆದರು. “ಇದನ್ನ ಯಾರೂ ಕೇಳಲ್ಲ, ನೋಡೋಕೆ ಚೆನ್ನಾಗಿಲ್ಲ ಅಂತ. ಆದ್ರೆ ನೀವ್ ಕೇಳಿದ್ದೆಲ್ಲ ಇದ್ರಲ್ಲಿದೆ.” ಮಾದರಿಗೆಂದು ಇಟ್ಟಿದ್ದ ಇನ್ನೊಂದನ್ನು ಕೌಂಟರಿನ ಮೇಲಿಂದ ನೆಲಕ್ಕೆ ಬಿಟ್ಟೇಬಿಟ್ಟರು. ಫೋನು ಒಂದು ಸಲ ಪುಟಿದು ಸುಮ್ಮನೆ ಮಲಗಿತು. ಆ ಸದ್ದಿಗೆ ಕ್ರೋಶಾ ಹೊದಿಕೆ, ರೆಡ್ ಆಕ್ಸೈಡ್ ನೆಲ, ಅಮ್ಮನ ಗದರಿಕೆ ಎಲ್ಲವೂ ಒಟ್ಟಿಗೇ ನೆನಪಾದವು. ಅದನ್ನೇ ಕೊಂಡೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಆಂಟಿಯ ಹಜಾರದಲ್ಲಿ ಕೂತೆವು. ಸ್ಟೂಲು ಅಲ್ಲೇ ಇತ್ತು. ಕಪ್ಪು ಫೋನೂ ಇತ್ತು, ತಂತಿ ಮಾತ್ರ ಇರಲಿಲ್ಲ. ಹೊಸ ಫೋನಿಗೆ ಕನ್ನಡ ಹಾಕಿಕೊಟ್ಟೆ. ಅದು ಅಡಿಗಡಿಗೆ ‘ಅನುಮತಿಸುವುದೇ?’ ಎಂದು ಕೇಳತೊಡಗಿತು. ಆಂಟಿ ಕನ್ನಡಕ ಏರಿಸಿ, ಮಕ್ಕಳ ಕಾಪಿ ತಿದ್ದುವ ಹಾಗೆ ಒಂದೊಂದನ್ನೂ ಓದಿಸಿದರು. ಟಾರ್ಚಿಗೆಂದು ಹಾಕಲು ಹೋದ ಒಂದು ಆಪ್ ಅವರ ಪರಿಚಯದವರ ನಂಬರುಗಳನ್ನೆಲ್ಲ ಕೇಳಿತು.

“ದೀಪ ಹಚ್ಚೋಕೆ ನನ್ನ ನೆಂಟ್ರೆಲ್ಲ ಯಾಕಂತೆ? ಬೇಡ ಅನ್ನು.”

ಬೇಡ ಅಂದೆ. ಮೈಕು, ಕ್ಯಾಮೆರಾ ಎರಡನ್ನೂ ವಿಡಿಯೊ ಕಾಲಿಗೊಂದಕ್ಕೇ ಬಿಟ್ಟು ಮಿಕ್ಕ ಎಲ್ಲಕ್ಕೂ ಮುಚ್ಚಿದೆ. ಎಲ್ಲಿದ್ದೇವೆಂದು ತೋರಿಸುವುದನ್ನು ನಿಲ್ಲಿಸಿದೆ. ಬೇಡದ್ದನ್ನೆಲ್ಲ ಕಿತ್ತುಹಾಕಿದ ಮೇಲೆ ಪರದೆಯ ಮೇಲೆ ನಾಲ್ಕೇ ಚಿತ್ರ ಉಳಿದವು.

“ಈಗ ಹೇಳು. ಇದು ಕೇಳಿಸ್ಕೊಳಲ್ವಾ?”

ಇಲ್ಲ ಅಂದುಬಿಟ್ಟರೆ ಅವರು ಆ ಕ್ಷಣವೇ ಹಾಸನಕ್ಕೆ ಕಾಲ್ ಮಾಡುತ್ತಿದ್ದರು. ಅಲ್ಲಿ ತಂಗಿ ಆ ಹನ್ನೆರಡು ದಿನದ ಮೇಲೆ ಇನ್ನೂ ಒಂದು ವಾರದಿಂದ ಕಾಯುತ್ತಿದ್ದರು. ಆದರೆ ಈ ಮನೆಯಲ್ಲಿ ಸುಳ್ಳು ಬಾಯಿಗೆ ಬರಲಿಲ್ಲ.

“ಪೂರ್ತಿ ಗೊತ್ತಿಲ್ಲ ಆಂಟಿ. ನಂಗೆ ಸಿಕ್ಕಿದ ಬಾಗ್ಲೆಲ್ಲ ಮುಚ್ಚಿದೀನಿ. ಮುಚ್ಚೋಕೆ ಬರದೇ ಇರೋದೂ ಒಂದೆರಡು ಇರಬೋದು.”

ಆಂಟಿ ಫೋನನ್ನು ಸ್ಟೂಲಿನ ಮೇಲಿಟ್ಟರು. ಕ್ರೋಶಾ ಹೊದಿಕೆಯ ಅಂಚು ನೇವರಿಸಿದರು. ಕೆಟ್ಟಿತು, ಇನ್ನು ಮುಟ್ಟುವುದಿಲ್ಲ ಅಂದುಕೊಂಡೆ.

“ನಂದೂ ಅಷ್ಟೇ ಕಣೇ,” ಎಂದರು. “ನಲ್ಲಿ ಬಿಟ್ಟಿದ್ರೂ ಒಂದೊಂದು ಮಾತು ಕಿವಿಗೆ ಬಿದ್ದೇಬೀಳ್ತಿತ್ತು. ನಿಮ್ಮಮ್ಮ ಅವತ್ತು ಅತ್ತಿದ್ದೂ ಕೇಳಿಸ್ತು. ಯಾರಿಗೂ ಹೇಳ್ಲಿಲ್ಲ, ಅಷ್ಟೇಯ.” ಆಮೇಲೆ ಫೋನನ್ನು ನನ್ನತ್ತ ನೂಕಿ, “ಕಾಲ್ ಮಾಡು. ಇದು ಕೇಳಿಸ್ಕೊಂಡ್ರೂ ಪರವಾಗಿಲ್ವಾ ಅಂತ ನನ್ನ ತಂಗೀನೇ ಕೇಳಿಬುಡ್ತೀನಿ. ಅವಳು ಹೂಂ ಅಂದ್ರೆ ಮಾತಾಡೋದು,” ಎಂದರು.

ಪರದೆಯ ಮೇಲೆ ದಿಂಬು, ಬಿಳಿ ಕೂದಲು, ಒಂದು ಬದಿಗೆ ವಾಲಿದ ಬಾಯಿ ಕಂಡಿತು. ಅಕ್ಕನನ್ನು ನೋಡಿದ್ದೇ ಆ ಬಾಯಿ ಏನೋ ಹೇಳಲು ಹೆಣಗಿತು. ಆಂಟಿ ತುಟಿಗಳನ್ನೇ ನೋಡಿ, “ಬೈತಿದಾಳೆ. ಇಷ್ಟು ದಿನ ಎಲ್ಲಿ ಸತ್ತಿದ್ದೆ ಅಂತ,” ಎಂದರು.

ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ಬುಸ್ ಎಂದು ಗಾಳಿ ಬಂತು, ನೀರಿಲ್ಲ. ಏನು ಮಾಡಲೂ ತೋಚದೆ ಸ್ಟ್ಯಾಂಡಿನಲ್ಲಿದ್ದ ಸ್ಟೀಲು ತಟ್ಟೆಗಳನ್ನೆಲ್ಲ ಇಳಿಸಿ, ಬಕೆಟಿನ ನೀರಿನಲ್ಲಿ ಒಂದಕ್ಕೊಂದು ತಾಗಿಸುತ್ತ ತೊಳೆಯತೊಡಗಿದೆ.

“ಮರಿ, ಅವೆಲ್ಲ ತೊಳೆದಿಟ್ಟಿರೋದು ಕಣೇ!” ಎಂದು ಹಜಾರದಿಂದ ಆಂಟಿ ಕೂಗಿದರು. ಅದರ ಹಿಂದೆಯೇ ಎರಡು ನಗು ಕೇಳಿಸಿದವು, ಒಂದು ಗಟ್ಟಿ, ಒಂದು ತೊದಲು. ನಾನು ಇನ್ನೊಂದು ತಟ್ಟೆ ತೆಗೆದುಕೊಂಡು ಜೋರಾಗಿ ಉಜ್ಜಿದೆ.