ಕುಸ್ತೋದಿಯಾ ಒಗೆದದ್ದನ್ನೇ ಒಗೆಸಿದ್ದು

ದುವಾನನಿಗೆ ನಗರಾಡಳಿತದಲ್ಲಿ ಜನರ ಅಭಿಪ್ರಾಯ ಕೇಳುವ ಕೆಲಸ ಸಿಕ್ಕಿತ್ತು. ತಿಂಗಳ ಸಂಬಳ, ಎರಡು ಅಳತೆ ದೊಡ್ಡದಾದ ನೀಲಿ ಜಾಕೀಟು, ಕೊರಳಲ್ಲಿ ಗುರುತಿನ ಚೀಟಿ. ಬೊಗೊಟಾದಲ್ಲಿ ಕೊರಳಿಗೆ ಚೀಟಿ ನೇತುಬಿದ್ದರೆ ಸಾಕು, ಎಲ್ಲರೂ ಡಾಕ್ಟರೇ. ಹತ್ತನೇ ತರಗತಿಯಲ್ಲಿ ಜೀವಶಾಸ್ತ್ರಕ್ಕೆ ಎರಡು ಸಲ ಕೂತ ದುವಾನನೂ ಆ ಗುರುವಾರ ಡಾಕ್ಟರಾಗಿ ಬೆಟ್ಟ ಹತ್ತಿದ.

ಬೆಟ್ಟದ ಮೇಲಿನ ಬಡಾವಣೆಯಲ್ಲಿ, ಲೋಕಕ್ಕೇ ಬಾಗಿಲು ಹಾಕಿಸಿದ ಆ ದೊಡ್ಡ ಸಾಂಕ್ರಾಮಿಕ ರೋಗ ಇಳಿದ ಮೇಲೆ, ನಗರಾಡಳಿತದವರು ಒಂದು ಆರೈಕೆ ಮನೆ ತೆರೆದಿದ್ದರು. ರೋಗಿಗಳನ್ನು ನೋಡಿಕೊಳ್ಳುತ್ತ ತಾವೇ ಸವೆದುಹೋಗುವ ಹೆಂಗಸರಿಗಾಗಿ. ಬಟ್ಟೆ ತಂದುಕೊಟ್ಟರೆ ಯಂತ್ರ ಒಗೆಯುತ್ತದೆ. ಒಗೆದು ಒಣಗುವವರೆಗೆ ಅಲ್ಲಿಯ ಒಬ್ಬ ಹುಡುಗಿ ಅವರ ಮನೆಗೆ ಹೋಗಿ ರೋಗಿಯ ಪಕ್ಕ ಕೂರುತ್ತಾಳೆ. ಬಟ್ಟೆ ಇಲ್ಲ ಅಂದರೆ ಹುಡುಗಿಯೂ ಇಲ್ಲ. ಅದು ಅಲ್ಲಿಯ ನಿಯಮ.

ದುವಾನ್ ಅಂಗಳದಲ್ಲಿ, ಒಂದು ಬಾಗಿಲ ಬಳಿ ನಿಂತ. ಜಿನುಗು ಮಳೆಯಲ್ಲಿ ಹೆಂಗಸರು ಗಂಟು ಹೊತ್ತು ಬರುತ್ತಿದ್ದರು. ಒದ್ದೆ ಬಟ್ಟೆ, ಘಮ್ಮೆನ್ನುವ ಸಾಬೂನು. ಒಗೆಸಿಕೊಂಡು ಮನೆಗೆ ಹೊರಟವರಲ್ಲದೆ ಇನ್ಯಾರು? ಒಬ್ಬೊಬ್ಬರನ್ನೇ ತಡೆದು ಕೇಳಿದ: "ಸೇವೆ ಹೇಗಿತ್ತು?"

"ಚೆನ್ನಾಗಿತ್ತಪ್ಪ, ದೇವರ ದಯೆ."

"ಬಹಳ ಚೆನ್ನಾಗಿತ್ತು ಡಾಕ್ಟ್ರೇ."

ಒಬ್ಬರೂ ಕೊಂಕು ಆಡಲಿಲ್ಲ. ದುವಾನನಿಗೆ ತಾನು ಕೇಳಿದ ರೀತಿಯ ಬಗ್ಗೆ ಹೆಮ್ಮೆ ಬಂತು. ಕೊನೆಗೆ ಬಂದವಳು ಗಿಡ್ಡ ಹೆಂಗಸು, ತಲೆಗೆ ಹ್ಯಾಟು, ಹೆಗಲಿಗೆ ಕಂಬಳಿ, ಬೆನ್ನ ಮೇಲೆ ಅವಳಿಗಿಂತ ದೊಡ್ಡ ಗಂಟು. ದೋನ್ಯಾ ಕುಸ್ತೋದಿಯಾ, ಅಂದರೆ ನಮ್ಮಲ್ಲಿ ಕುಸ್ತೋದಿಯಮ್ಮ ಅಂದ ಹಾಗೆ.

"ಸೇವೆ ಹೇಗಿತ್ತು ದೋನ್ಯಾ?"

"ಒಳಗೆ ಬಿಟ್ರೆ ಹೇಳ್ತೀನಿ," ಅಂದಳು ಆಕೆ. "ಇನ್ನೂ ಹೋಗೇ ಇಲ್ವಲ್ಲ ನಾನು."

"ಹಾಗಾದ್ರೆ ಅವರೆಲ್ಲಾ?"

"ಅವರೂ ಒಳಗೆ ಹೋಗ್ತಾ ಇರೋರೇ. ಹೊರಗೆ ಬರೋ ಬಾಗಿಲು ಆ ಕಡೆ."

"ಮತ್ತೆ ಚೆನ್ನಾಗಿತ್ತು ಅಂದ್ರು?"

"ಚಳೀಲಿ ನಿಂತ್ಕೊಂಡು ಕೇಳ್ತಾ ಇದ್ದೀಯ. ಕೆಟ್ಟದಾಗಿತ್ತು ಅನ್ನೋಕೆ ಯಾರಿಗೆ ಮನಸ್ಸು ಬರತ್ತೆ ಮಗಾ?"

ಒಗೆದ ಬಟ್ಟೆಯನ್ನು ಒಗೆಸಲು ತರುವುದೇಕೆ ಎಂಬುದು ಅವನಿಗೆ ಒಳಗೆ ಹೋದ ಮೇಲೆ ತಿಳಿಯಿತು. ಊರಿಗೆಲ್ಲ ತಮ್ಮ ಕೊಳೆ ತೋರಿಸುವುದುಂಟೇ? ಹಾಗಾಗಿ ಬಡಾವಣೆಯ ಹೆಂಗಸರೆಲ್ಲ ಬೆಳಿಗ್ಗೆ ಎದ್ದು, ತಣ್ಣೀರಲ್ಲಿ ಬಟ್ಟೆ ಉಜ್ಜಿ, ಹಿಂಡಿ, ಆಮೇಲೆ ಮಾನದಿಂದ ಯಂತ್ರಕ್ಕೆ ತರುತ್ತಿದ್ದರು.

ಒಳಗೆ ಜಾತ್ರೆಯಂಥ ಗದ್ದಲ. ಒಂದು ಕೋಣೆಯಲ್ಲಿ ಕುಣಿತ, ಇನ್ನೊಂದರಲ್ಲಿ ಅಕ್ಷರಾಭ್ಯಾಸ. ಕುಸ್ತೋದಿಯಾ ಎರಡಕ್ಕೂ ಸೇರಿದವಳಲ್ಲ. ಯಂತ್ರದ ದುಂಡು ಗಾಜಿನ ಮುಂದೆ ಕುರ್ಚಿ ಎಳೆದು, ಅಲ್ಲಿಯವರ ರೂಢಿಯಂತೆ ಬಿಸಿ ಬೆಲ್ಲದ ನೀರಲ್ಲಿ ಚೀಸಿನ ತುಂಡು ಮುಳುಗಿಸಿ, ಟಿವಿ ನೋಡುವವಳಂತೆ ಕೂತಳು.

"ನೋಡೇ, ನಿನ್ನ ಗಂಡನ ಚಡ್ಡಿ ಬಂತು," ಅಂದಳು ಪಕ್ಕದ ಫ್ಲೋರಾಲ್ಬಾ.

"ಬರ್ಲಿ ಬಿಡು. ಅವನು ಮಂಚ ಹಿಡಿದ ಮೇಲೆ ಅದಾದ್ರೂ ತಿರುಗಾಡ್ಲಿ."

ನಗು ಯಂತ್ರದ ಸದ್ದನ್ನು ಮೀರಿಸಿತು. ಗಂಡ ಎಲಿಯೆಸೆರ್ ಆ ರೋಗದಲ್ಲಿ ಉಸಿರು ಉಳಿಸಿಕೊಂಡಿದ್ದ, ಕಸುವು ಉಳಿಸಿಕೊಂಡಿರಲಿಲ್ಲ. ಅಂದಿನಿಂದ ಅವಳು ಮನೆಯ ಹೊಸ್ತಿಲು ದಾಟುವುದು ಗುರುವಾರದ ಈ ಒಂದು ಮಧ್ಯಾಹ್ನ ಮಾತ್ರ.

ಅವಳು ದುವಾನನ ಜಾಕೀಟು ಮುಟ್ಟಿ ನೋಡಿದಳು. "ಇದನ್ನ ಯಾರು ಒಗೀತಾರೆ?"

"ಅಮ್ಮ."

"ಅವಳ ಅಭಿಪ್ರಾಯ ಕೇಳಿದ್ದೀಯಾ?"

ದುವಾನ್ ತನಗೂ ಕೊಟ್ಟಿದ್ದ ಬೆಲ್ಲದ ನೀರು ಕುಡಿಯುವುದರಲ್ಲಿ ಮಗ್ನನಾದ.

ಜನರ ಕಷ್ಟವೆಲ್ಲ ಅರ್ಥವಾಯಿತು ಎಂಬ ಹುರುಪಿನಲ್ಲಿ ಅವನು ವರದಿಯಲ್ಲಿ ಒಂದು ಸಾಲು ಸೇರಿಸಿದ: ಇಲ್ಲಿಯ ಹೆಂಗಸರು ಎಷ್ಟು ಮಾನವಂತರೆಂದರೆ ಮನೆಯಲ್ಲೇ ಒಗೆದು ತರುತ್ತಾರೆ. ಹೊಗಳಿಕೆಯೆಂದೇ ಬರೆದಿದ್ದ. ಮೇಲಿನವರು ಓದಿದ್ದು ಬೇರೆ. ಬಟ್ಟೆ ಮೊದಲೇ ಶುಭ್ರವಾಗಿದ್ದರೆ ಯಂತ್ರಗಳೇಕೆ? ಬೇರೆ ಬಡಾವಣೆಗೆ ಸಾಗಿಸೋಣ. ಅದಕ್ಕೆ ಮುಂಚೆ ಒಂದು ಸಭೆ.

ಯಂತ್ರ ಹೋದರೆ ಹುಡುಗಿ ಬರುವುದಿಲ್ಲ, ಹುಡುಗಿ ಬರದಿದ್ದರೆ ಗುರುವಾರವೂ ಇಲ್ಲ. ಅದನ್ನು ಕುಸ್ತೋದಿಯಾಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸಭೆಯ ದಿನ ಅವಳು ನೆರೆಯವರನ್ನು ಕಾಡಿಬೇಡಿ ಎಲಿಯೆಸೆರ್‌ನನ್ನು ಒಂದು ಗಂಟೆಯ ಮಟ್ಟಿಗೆ ಅವರಿಗೆ ಒಪ್ಪಿಸಿ, ಹ್ಯಾಟಿಗೆ ಬ್ರಷ್ ಹೊಡೆದು, ಮುಂದಿನ ಸಾಲಿನಲ್ಲೇ ಕೂತಳು. ದುವಾನ್ ಕಂಬದ ಹಿಂದೆ ನಿಂತ. ಕಂಬ ತೆಳ್ಳಗಿತ್ತು, ಜಾಕೀಟು ದೊಡ್ಡದಿತ್ತು.

"ಅಗೋ ನಮ್ಮ ಡಾಕ್ಟ್ರು," ಅಂದಳು ಫ್ಲೋರಾಲ್ಬಾ, ಎಲ್ಲರಿಗೂ ಕೇಳುವ ಹಾಗೆ. "ಇವತ್ತೂ ಬಾಗಿಲು ತಪ್ಪಿತೇನೋ!"

ನಗರಾಡಳಿತದಿಂದ ಬಂದ ಡಾಕ್ಟರಮ್ಮ ಕೆಟ್ಟವಳೇನಲ್ಲ. ನಗುನಗುತ್ತಲೇ ಸೇವೆ ಹೇಗಿದೆ ಅಂದಳು. "ಚೆನ್ನಾಗಿದೆ, ದೇವರ ದಯೆ," ಅಂದರು ಎಲ್ಲರೂ ಒಂದೇ ಕೊರಳಲ್ಲಿ. ಯಂತ್ರ ಒಯ್ಯುತ್ತೇವೆ ಅಂದರೂ ಹಾಗೇ ಅನ್ನುತ್ತಿದ್ದರೇನೋ. ಈಗಲೂ ಪ್ರತಿ ಗುರುವಾರ ಆ ಯಂತ್ರಗಳು ಅಲ್ಲೇ ಗರಗರ ತಿರುಗುತ್ತಿರುವುದು ದುವಾನನ ವರದಿಯಿಂದಲ್ಲ. ಡಾಕ್ಟರಮ್ಮ ಮುಂದಿನ ಸಾಲಿನ ಹ್ಯಾಟಿನತ್ತ ತಿರುಗಿ ಒಂದು ಪ್ರಶ್ನೆ ಕೇಳಿಬಿಟ್ಟಳು, ಅದರಿಂದ.

"ಬೇಜಾರು ಮಾಡ್ಕೋಬೇಡಿ ದೋನ್ಯಾ. ಮನೇಲೇ ಒಗೆದು, ಮತ್ತೆ ಇಲ್ಲಿಗೆ ತಂದು ಒಗೆಸ್ತೀರಂತೆ. ಯಾಕೆ?"

ಹೆಂಗಸರೆಲ್ಲ ನೆಲ ನೋಡಿದರು. ಕುಸ್ತೋದಿಯಾ ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಕೊಳೆ ಹೋಗ್ಲಿ ಅಂತ ಅಲ್ಲ ಡಾಕ್ಟ್ರಮ್ಮಾ. ಮದುವೆಯಾದಾಗಿನಿಂದ ನಾನು ಒಗೀತಾ ಇದ್ದೆ, ಬೇರೆಯವರು ಕೂತಿರ್ತಿದ್ರು. ನಾನು ಕೂತಿರುವಾಗ ಒಗೆದಿದ್ದು ಈ ಯಂತ್ರ ಒಂದೇ. ಒಯ್ಯೋದಾದ್ರೆ ಒಯ್ಯಿ, ಆದ್ರೆ ಕುರ್ಚಿ ಸಮೇತ ನನ್ನನ್ನೂ ಲಾರಿಗೆ ಹಾಕ್ಕೊಂಡು ಹೋಗಿ."