ಕೊಕ್ಕರೆ ಕಾಲೂರುವಷ್ಟು ನೀರು

ಚಿಗಳ್ಳಿಯ ಕೆರೆದಂಡೆಯಲ್ಲಿ ಇವತ್ತು ಕೆಸರಿನ ವಾಸನೆಯೇ ಇರಲಿಲ್ಲ. ಆಗಿನಿಂದ ಮನಸ್ಸು ಒಂದೆಡೆ ನಿಲ್ಲುತ್ತಿಲ್ಲ.

ನಾನು ಚಿಕ್ಕವಳಿದ್ದಾಗ, ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆಲ್ಲ ಅಜ್ಜಿ ಆ ಹಸಿ ನೆಲದಲ್ಲಿ ಸೌತೆಬೀಜ ಊರುತ್ತಿದ್ದಳು. ನಾನು ಮುಂದೆ ಓಡಿದರೆ ಲಂಗ ಹಿಡಿದು ಎಳೆಯುತ್ತಿದ್ದಳು.

"ಕೊಕ್ಕರಿ ಇನ್ನೂ ಮೇಯಾಕತ್ತಾವ. ಅವು ಮುಂದ ಹೋಗ್ಲಿ, ಆಮ್ಯಾಲೆ ನಾವು."

ಗೇಣು ಆಳದ ನೀರಿನಲ್ಲಿ ನಿಂತು ಅವು ಮೀನು ಹೆಕ್ಕುತ್ತಿದ್ದವು. ನೀರಿನ ಹಿಂದೆ ಅವು, ಅವುಗಳ ಹಿಂದೆ ನಾವು.

ಈಗ ಬೇಸಿಗೆಯಲ್ಲೂ ಕೆರೆ ತುಂಬಿಸಿಡುತ್ತಾರೆ.

"ಎಷ್ಟ್ ನೀರೈತಿ ನೋಡವ್ವಾ," ಎಂದು ಮಗಳು ಕುಣಿದಳು.

ನಾನು ಗೇಣು ಆಳದ ನೀರು ಹುಡುಕುತ್ತ ದಂಡೆಯುದ್ದಕ್ಕೂ ಅಲೆದೆ. ಎಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ಕೊಕ್ಕರೆಗಳು ಬಂದವು. ಇಳಿಯಲೆಂದು ಕಾಲು ಇಳಿಬಿಟ್ಟವು, ಮತ್ತೆ ಎಳೆದುಕೊಂಡು ಹಾರಿಹೋದವು.